ಬಂಗಾಳದಿಂದ ಬಂದ ಹುಳು, ಬಂಗಾಳಕ್ಕೆ ಹೋದ ಕಾಲು

ನಮ್ಮಕ್ಕನನ್ನು ಕೊಟ್ಟಿದ್ದು ಕನಕಪುರದ ಕಡೆಯ ಒಂದು ಹಳ್ಳಿಗೆ. 1979ರಲ್ಲಿ ಅಲ್ಲಿಯ ಊರಹಬ್ಬಕ್ಕೆ ವಾಲಿಬಾಲ್ ಪಂದ್ಯ ಇಟ್ಟುಕೊಂಡಿದ್ದರು. ಕಣವನ್ನೇ ಸಗಣಿಯಲ್ಲಿ ಸಾರಿಸಿ, ಸುಣ್ಣದ ಗೆರೆ ಎಳೆದು, ನಾಲ್ಕು ಮೂಲೆಗೆ ಪೆಟ್ರೋಮ್ಯಾಕ್ಸ್ ತೂಗುಹಾಕಿದ್ದರು. ಗೆದ್ದವರಿಗೆ ಒಂದು ಕಪ್ಪು, ಒಂದು ಟಗರು. ಕಪ್ಪನ್ನು ಯಾರೂ ಸರಿಯಾಗಿ ನೋಡಲಿಲ್ಲ, ಟಗರನ್ನು ಎಲ್ಲರೂ ಮುಟ್ಟಿ ಮುಟ್ಟಿ ನೋಡಿದರು.

ಅದಕ್ಕೆ ಹದಿನೈದು ದಿನ ಮುಂಚೆ ನಮ್ಮ ಭಾವ ನನ್ನನ್ನು ಪಕ್ಕಕ್ಕೆ ಕರೆದರು. "ನೀನು ಫ್ಯಾಕ್ಟ್ರೀಲಿರೋನು. ಅಲ್ಲಿ ಆಡೋರು ಇಬ್ಬರನ್ನ ಕರ್ಕೊಂಡು ಬಾರಪ್ಪ. ಬಸ್ ಚಾರ್ಜು ಕೊಡ್ತೀವಿ, ಬಾಡೂಟ ಹಾಕ್ತೀವಿ, ತಲೆಗೆ ಇಪ್ಪತ್ತು ರೂಪಾಯಿ."

ನಾನು ಆಗ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತ. ಕಾರ್ಖಾನೆಯ ತಂಡದಲ್ಲಿ ಆಡುತ್ತಿದ್ದ ಇಬ್ಬರನ್ನು ಒಪ್ಪಿಸಿ ಕರೆದುಕೊಂಡು ಹೋದೆ. ಇಬ್ಬರಲ್ಲಿ ಉದ್ದನೆಯವನಿಗೆ ಒಂದು ಚಾಳಿ: ಸರ್ವ್ ಮಾಡುವ ಮೊದಲು ಬಲಗೈಯನ್ನು ಎಡತೊಡೆಗೆ ಎರಡು ಸಲ ಒರೆಸಿಕೊಳ್ಳುತ್ತಿದ್ದ. ಒರೆಸಿದನೆಂದರೆ ಎದುರಿಗಿರುವವರು ಹಿಂದಕ್ಕೆ ಸರಿಯುತ್ತಿದ್ದರು. ಊರ ಹೈಕಳು ನಾಲ್ವರು ಸುಮ್ಮನೆ ಜಾಗ ತುಂಬಿಸಿ ನಿಂತಿದ್ದರು ಅಷ್ಟೆ. ಟಗರು ನಮ್ಮದಾಯಿತು.

ಮರುವರ್ಷ ಪಕ್ಕದ ಊರಿನವರು ತಲೆಗೆ ಐವತ್ತು ಕೊಟ್ಟರು. ಅದೇ ಇಬ್ಬರು ಅದೇ ಕಣಕ್ಕೆ ಆ ಊರಿನವರ ಜೊತೆ ಎತ್ತಿನಗಾಡಿಯಲ್ಲಿ ಬಂದಿಳಿದು, ನನಗೆ ನಮಸ್ಕಾರ ಬೇರೆ ಹಾಕಿದರು. ಭಾವ ನನ್ನೊಡನೆ ಯುಗಾದಿಯವರೆಗೆ ಮಾತಾಡಲಿಲ್ಲ.

ತಂಡವನ್ನು ಕೊಂಡು ಕಟ್ಟಬೇಕೋ, ಬೆಳೆದು ಕಟ್ಟಬೇಕೋ ಎಂದು ಈಗಿನ ಹುಡುಗರು ಮೊಬೈಲಿನಲ್ಲಿ ಜಗಳವಾಡುವುದನ್ನು ಕೇಳಿದಾಗಲೆಲ್ಲ ನನಗೆ ಆ ಎತ್ತಿನಗಾಡಿ ನೆನಪಾಗುತ್ತದೆ. ಆದರೆ ಈ ಪ್ರಶ್ನೆ ನನ್ನ ಕಿವಿಗೆ ಬಿದ್ದದ್ದು ಆಟದಿಂದಲ್ಲ, ರೇಷ್ಮೆಹುಳುವಿನಿಂದ.

ನಾನು ಹುಟ್ಟಿದ್ದು ಮಾಗಡಿ ತಾಲ್ಲೂಕಿನಲ್ಲಿ. ನಮ್ಮಪ್ಪ ಸಾಕುತ್ತಿದ್ದದ್ದು ಬಿತ್ತನೆ ಗೂಡು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ರಾಮನಗರದ ಮಾರುಕಟ್ಟೆಗೆ ಬರುವ ಗೂಡು ನೂಲಿಗೆ. ಅದನ್ನು ರೀಲರುಗಳು ಹರಾಜಿನಲ್ಲಿ ಹಿಡಿದು, ಬಿಸಿನೀರಿಗೆ ಹಾಕಿ ಎಳೆ ತೆಗೆಯುತ್ತಾರೆ, ಒಳಗಿನ ಹುಳು ಸತ್ತುಹೋಗುತ್ತದೆ. ಬಿತ್ತನೆ ಗೂಡಿನಲ್ಲಿ ಹುಳು ಸಾಯಬಾರದು. ಅದು ಚಿಟ್ಟೆಯಾಗಿ ಹೊರಗೆ ಬಂದು ಮೊಟ್ಟೆಯಿಡಬೇಕು, ಆ ಮೊಟ್ಟೆ ಬೇರೆ ರೈತರ ಮನೆಗೆ ಹೋಗಬೇಕು. ಮಾಗಡಿ, ಕುಣಿಗಲ್, ಬಿಡದಿ ಸುತ್ತಮುತ್ತ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವುದು ಹಿಂದಿನಿಂದ ಬಂದ ರೂಢಿ. 1959ರಲ್ಲಿ ಅದಕ್ಕೊಂದು ಕಾಯಿದೆಯೂ ಬಂತು. ಬಿತ್ತನೆ ಪ್ರದೇಶದಲ್ಲಿ ಯಾವ ತಳಿ ಸಾಕಬೇಕು, ಮೊಟ್ಟೆ ಎಲ್ಲಿಂದ ತರಬೇಕು, ಗೂಡು ಎಲ್ಲಿ ಮಾರಬೇಕು, ಎಲ್ಲಕ್ಕೂ ಕಟ್ಟುಪಾಡು. ಇನ್‌ಸ್ಪೆಕ್ಟರು ಬಂದು ತಟ್ಟೆಯ ಮೇಲೆ ಬಗ್ಗಿ ನೋಡುವಾಗ ನಮ್ಮಮ್ಮ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದಳು.

ಮೈಸೂರು ತಳಿಯ ಗೂಡು ನೋಡಲು ಏನೂ ಚೆಂದವಿಲ್ಲ. ತುದಿ ಚೂಪು, ಬಣ್ಣ ಮಾಸಲು ಹಳದಿ, ಎಳೆ ಬಿಚ್ಚಿದರೆ ಸುಮಾರು 350ರಿಂದ 400 ಮೀಟರು. ಜಪಾನ್, ಚೀನಾ ಮೂಲದ ದ್ವಿತಳಿ ಗೂಡು ಬೆಳ್ಳಗೆ, ದುಂಡಗೆ, ಎಳೆ ಸಾವಿರ ಮೀಟರಿನ ಸುತ್ತಮುತ್ತ. ಹಾಗಾದರೆ ಎಲ್ಲರೂ ಬಿಳಿಯದನ್ನೇ ಸಾಕಬಹುದಲ್ಲ? ಸಾಕಲು ಹೋದವರ ತಟ್ಟೆ ನಮ್ಮ ಬಿಸಿಲಿಗೆ, ನಮ್ಮ ಸೊಪ್ಪಿಗೆ ಖಾಲಿಯಾಗುತ್ತಿತ್ತು. ಅದಕ್ಕೆ ಸರ್ಕಾರದ ರೇಷ್ಮೆ ಇಲಾಖೆ ಕಂಡುಕೊಂಡ ದಾರಿ ಮಿಶ್ರತಳಿ. ಮೈಸೂರು ತಳಿಯ ಹೆಣ್ಣು ಚಿಟ್ಟೆ, ಹೊರಗಿನ ದ್ವಿತಳಿಯ ಗಂಡು. ಹುಟ್ಟಿದ ಹುಳುವಿಗೆ ತಾಯಿಯ ತಡೆದುಕೊಳ್ಳುವ ಗುಣ, ತಂದೆಯ ಎಳೆ. ನಮ್ಮ ಕಡೆಯ ಮೂರು ತಲೆಮಾರು ಉಂಡದ್ದು ಆ ಹಳದಿ ಮಿಶ್ರತಳಿಯಿಂದ.

"ಗಂಡು ಎಲ್ಲಿಂದಾರ ತರ್ಲಿ ಕಣ್ಲಾ, ಹೆಣ್ಣು ನಮ್ದಿರಬೇಕು," ಅನ್ನುತ್ತಿದ್ದರು ಅಪ್ಪ. ಹುಳುವಿನ ಮಾತೇ ಅದು. ಆದರೆ ನನ್ನ ತಲೆಯಲ್ಲಿ ಅದು ಎಲ್ಲೆಲ್ಲಿಗೋ ಹೋಗಿ ಅಂಟಿಕೊಂಡಿದೆ.

ಅಪ್ಪನಿಗೆ ಹೇಳದೆ ಉಳಿದದ್ದು ಒಂದಿದೆ. ನಮ್ಮದು ನಮ್ಮದು ಎಂದು ಎದೆ ತಟ್ಟಿಕೊಳ್ಳುತ್ತಿದ್ದ ಆ ಮೈಸೂರು ತಳಿಯೂ ಬಂದದ್ದು ಹೊರಗಿನಿಂದ. 1786ರ ಸುಮಾರಿಗೆ ಟಿಪ್ಪು ಸುಲ್ತಾನ್ ಬಂಗಾಳಕ್ಕೆ ಜನ ಕಳಿಸಿ ಹುಳು ತರಿಸಿದ. ಎರಡು ನೂರು ವರ್ಷ ನಮ್ಮ ಹಿಪ್ಪುನೇರಳೆ ತಿಂದು ಅದು ನಮ್ಮದಾಯಿತು.

1974ರಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನು ಮೊದಲ ಸಲ ಫುಟ್‌ಬಾಲ್ ನೋಡಿದ್ದು, ಅಶೋಕನಗರದ ಸ್ಟೇಡಿಯಮ್ಮಿನಲ್ಲಿ. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಕಬಡ್ಡಿ, ಚಿನ್ನಿದಾಂಡು. ಗ್ಯಾಲರಿಯಲ್ಲಿ ನನ್ನ ಸುತ್ತ ತಮಿಳು, ದಖನಿ ಉರ್ದು, ಆಂಗ್ಲೋ ಇಂಡಿಯನ್ನರ ಇಂಗ್ಲಿಷು. ಕನ್ನಡ ನನ್ನ ಬಾಯಲ್ಲಿ ಮಾತ್ರ. ಬೆಂಗಳೂರಿನ ಫುಟ್‌ಬಾಲ್ ಎಂದರೆ ದಂಡಿನ ಫುಟ್‌ಬಾಲು. ಬ್ರಿಟಿಷ್ ಪಟಾಲಮ್ಮುಗಳು ಆಡಿದ್ದನ್ನು ಬೇಲಿಯಾಚೆ ನಿಂತು ನೋಡಿದ ಮಕ್ಕಳು, ಆಸ್ಟಿನ್ ಟೌನ್, ಶಿವಾಜಿನಗರ, ಹಲಸೂರು, ಮರ್ಫಿ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಬರಿಗಾಲಲ್ಲಿ ಕಲಿತ ಆಟ ಅದು. ಗೌತಮಪುರದಲ್ಲಿ ಈಗಲೂ ಅಂಬೇಡ್ಕರ್ ಪ್ರತಿಮೆಯ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಅವರ ಅಜ್ಜಂದಿರಲ್ಲಿ ಬಹಳ ಮಂದಿ ತಮಿಳು ಸೀಮೆಯಿಂದ ದಂಡಿನ ಹಿಂದೆ ಬಂದವರು. ಅವರೂ ಹೊರಗಿನಿಂದ ಬಂದ ಬಿತ್ತನೆಯೇ. ಹಿಪ್ಪುನೇರಳೆಯ ಬದಲು ಆ ಗಲ್ಲಿಯ ಮಣ್ಣು.

ಆ ಗಲ್ಲಿಗಳ ತಂಡ ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಫೈನಲ್‌ನಲ್ಲಿ ಅದರ ಎದುರಿಗೆ ಬಂದದ್ದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೊಹಮ್ಮಡನ್ ಸ್ಪೋರ್ಟಿಂಗ್ ಆಗ ಭಾರತದ ಅತಿ ದೊಡ್ಡ ತಂಡ. 1934ರಲ್ಲಿ ಕಲ್ಕತ್ತಾ ಲೀಗ್ ಗೆದ್ದ ಮೊದಲ ಭಾರತೀಯ ಕ್ಲಬ್ಬು ಅದು, 1938ರವರೆಗೆ ಐದು ವರ್ಷ ಅದನ್ನು ಬಿಟ್ಟುಕೊಡಲಿಲ್ಲ. ಗೆದ್ದದ್ದು ಹೇಗೆ? ದೇಶದ ನಾಲ್ಕು ಮೂಲೆಯಿಂದ, ಬೆಂಗಳೂರಿನಿಂದಲೂ ಕೂಡ, ಒಳ್ಳೆಯ ಆಟಗಾರರನ್ನು ಹುಡುಕಿ ತಂದು. ಲೀಗ್ ಕಪ್ಪಿನ ಮೇಲೆ ಕಪ್ಪು ಪೇರಿಸಿದ ಆ ಆಯ್ದ ತಂಡವನ್ನು ದಂಡಿನ ಗಲ್ಲಿಯ ಹುಡುಗರು 1–0ಯಲ್ಲಿ ಸೋಲಿಸಿದರು. ಅದಕ್ಕೂ ಮುಂಚೆ ಯಾವ ಭಾರತೀಯ ತಂಡವೂ ರೋವರ್ಸ್ ಕಪ್ ಗೆದ್ದಿರಲಿಲ್ಲ. ಮರುವರ್ಷ ಫೈನಲ್‌ನಲ್ಲಿ ಬಂದದ್ದು ಸ್ಕಾಟ್‌ಲೆಂಡಿನ ಪಟಾಲಮ್ಮು. ಅದನ್ನೂ 3–2ರಲ್ಲಿ ಸೋಲಿಸಿದರು. ಊರಿನ ತಂಡವೇ ಮೇಲು ಎಂದು ಇಲ್ಲಿಗೆ ಕತೆ ಮುಗಿಸಬಹುದಿತ್ತು. ಆದರೆ 1940ರಲ್ಲಿ ಇದೇ ಎರಡು ತಂಡ ಅದೇ ಫೈನಲ್‌ನಲ್ಲಿ ಮತ್ತೆ ಸಿಕ್ಕವು, ಆ ಸಲ ಗೆದ್ದದ್ದು ಕಲ್ಕತ್ತೆ.

ಕಲ್ಕತ್ತೆ ಅಲ್ಲಿಂದ ಮುಂದೆ ಬೆಂಗಳೂರನ್ನು ತನ್ನ ಹಿತ್ತಲಿನಂತೆ ನೋಡಿಕೊಂಡಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿ ಬೆಂಗಳೂರಿನವರು ಹಲವರು. ಗೋಲ್‌ಕೀಪರ್ ವರದರಾಜ್, ಬಷೀರ್, ವಜ್ರವೇಲು, ಧನರಾಜ್, ಅಹ್ಮದ್ ಖಾನ್, ಸಾರಂಗಪಾಣಿ ರಾಮನ್. ಬಹುಪಾಲು ಮಂದಿ ಬರಿಗಾಲಲ್ಲೇ ಆಡಿ ಫ್ರಾನ್ಸಿಗೆ 1–2ರಲ್ಲಿ ಸೋತರು. ಆ ಒಂದು ಗೋಲು ರಾಮನ್ ಹೊಡೆದದ್ದು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಗೋಲು ಒಂದು ಬೆಂಗಳೂರು ಕಾಲಿನದು. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10–1ರಲ್ಲಿ ಹೊಸಕಿಹಾಕಿದಾಗ ನಮ್ಮ ಕಡೆಯ ಆ ಒಂದೂ ಬೆಂಗಳೂರಿನದೇ, ಅಹ್ಮದ್ ಖಾನ್‌ದು.

ಅಹ್ಮದ್ ಖಾನ್ ಮತ್ತು ಧನರಾಜ್ ಆ ಹೊತ್ತಿಗೆ ಈಸ್ಟ್ ಬೆಂಗಾಲ್ ಸೇರಿದ್ದರು. ಅವರ ಜೊತೆಗೆ ಅಪ್ಪಾರಾವ್, ವೆಂಕಟೇಶ್, ಸಾಲೆ. ಐದೂ ಜನ ದಕ್ಷಿಣದವರು. ಕಲ್ಕತ್ತೆಯವರು ಅವರನ್ನು ಪಂಚಪಾಂಡವರೆಂದು ಕರೆದರು. 1949ರಿಂದ 1951ರವರೆಗೆ ಸತತ ಮೂರು ಐಎಫ್‌ಎ ಶೀಲ್ಡ್ ಆ ಐದು ಜನರ ಕಾಲಿನಿಂದ ಬಂತು. ಬಂಗಾಳದ ಹೆಸರು ಹೊತ್ತ ಕ್ಲಬ್ಬಿನ ಮುಂಚೂಣಿಯಲ್ಲಿ ಬಂಗಾಳಿಯೇ ಇಲ್ಲ. ಅಲ್ಲಿಯ ಜನ ಅದಕ್ಕೆ ಬೇಸರಪಟ್ಟುಕೊಂಡಂತೆ ಕಾಣುವುದಿಲ್ಲ. ಪಾಂಡವರು ಅಂದಮೇಲೆ ಹೊರಗಿನವರು ಅನ್ನುವುದು ಹೇಗೆ? ಅಹ್ಮದ್ ಖಾನ್ ಹತ್ತು ವರ್ಷ ಅಲ್ಲಿ ಆಡಿ ವಾಪಸು ಬಂದರು, 2017ರಲ್ಲಿ ತೀರಿಕೊಂಡದ್ದು ಬೆಂಗಳೂರಿನಲ್ಲೇ.

ಆಮೇಲೆ ಸಾಲು ಹಿಡಿದರು. 1962ರ ಏಷ್ಯನ್ ಗೇಮ್ಸ್ ಚಿನ್ನದ ತಂಡದ ಅರುಮೈನಾಯಗಂ ಮೋಹನ್ ಬಾಗಾನ್‌ಗೆ ಹೋದರು. ಕಲ್ಕತ್ತೆಯವರು ಅವರಿಗೆ ಇಟ್ಟ ಹೆಸರು ಬೇಬಿ ಟ್ಯಾಕ್ಸಿ. ನಮ್ಮ ಕಾಲದಲ್ಲಿ ಉಲಗನಾಥನ್. ಇವರ ನಡುವೆ ಒಬ್ಬರು ಕೆಂಪಯ್ಯ. ಮರಿಯಪ್ಪ ಕೆಂಪಯ್ಯ, 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಭಾರತ ತಂಡದವರು, ಮೋಹನ್ ಬಾಗಾನ್ ಆಟಗಾರ. ಫುಟ್‌ಬಾಲ್ ಎಂದರೇನೆಂದೇ ಗೊತ್ತಿಲ್ಲದ ನಮ್ಮಪ್ಪನಿಗೆ ಒಮ್ಮೆ ಈ ಹೆಸರು ಹೇಳಿದೆ. ಕೆಂಪೇಗೌಡರ ಸೀಮೆಯಲ್ಲಿ ಮನೆಗೊಬ್ಬ ಕೆಂಪಯ್ಯ. "ಹಂಗಾರೆ ನಮ್ ಮಾಗಡಿ ಕಡೆಯೋನೇ ಬುಡು," ಎಂದು ತೀರ್ಮಾನ ಮಾಡಿ ಎದ್ದುಹೋದರು. ಅಲ್ಲವೆಂದು ಹೇಳಲು ನನ್ನ ಹತ್ತಿರ ಆಧಾರವಿರಲಿಲ್ಲ, ಹೌದೆನ್ನಲೂ ಇರಲಿಲ್ಲ.

ಇಷ್ಟು ಜನ ಹೋದರೂ ಬೆಂಗಳೂರು ಬರಿದಾಗಲಿಲ್ಲ ಅನ್ನುವುದೇ ಆಶ್ಚರ್ಯ. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು: 1946–47, 1952–53, 1967–68, 1968–69. ನಾಲ್ಕು ಸಲವೂ ಫೈನಲ್‌ನಲ್ಲಿ ಸೋತದ್ದು ಬಂಗಾಳ. ಹುಳು ಬಂದದ್ದು ಬಂಗಾಳದಿಂದ, ಕಾಲು ಹೋದದ್ದು ಬಂಗಾಳಕ್ಕೆ, ಲೆಕ್ಕ ಚುಕ್ತಾ ಆದದ್ದು ಸಂತೋಷ್ ಟ್ರೋಫಿಯಲ್ಲಿ. ಗಲ್ಲಿ ಗಲ್ಲಿಯಲ್ಲಿ ಮೊಟ್ಟೆ ಒಡೆಯುತ್ತಲೇ ಇತ್ತು, ಒಬ್ಬ ಹೋದರೆ ಇಬ್ಬರು ಬರುತ್ತಿದ್ದರು.

ಬಂದವರನ್ನು ಹಿಡಿದಿಟ್ಟುಕೊಂಡದ್ದು ಯಾರು? ಕಾರ್ಖಾನೆಗಳು. ಇದು ನಾನು ಕಣ್ಣಾರೆ ಕಂಡದ್ದಾದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಎಚ್‌ಎಎಲ್ 1940ರಲ್ಲಿ, ಐಟಿಐ 1948ರಲ್ಲಿ ಶುರುವಾದವು. ಅವುಗಳ ಹಿಂದೆ ಎಚ್‌ಎಂಟಿ, ಬಿಇಎಲ್. ಲೀಗ್‌ನಲ್ಲಿ ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇ, ಸಿಐಎಲ್, ಸೇನೆಯ ಎಂಇಜಿ. ಹೆಸರು ಓದಿದರೆ ಫುಟ್‌ಬಾಲ್ ಪಟ್ಟಿಯೋ ಟೆಂಡರ್ ನೋಟೀಸೋ ತಿಳಿಯುವುದಿಲ್ಲ. ಈ ತಂಡಗಳಲ್ಲಿ ಆಟಗಾರನಿಗೆ ಒಪ್ಪಂದ ಎಂಬ ಕಾಗದವಿರಲಿಲ್ಲ, ನೇಮಕಾತಿ ಆದೇಶವಿತ್ತು. ಹೆಲ್ಪರ್, ಪ್ಯೂನ್, ಸ್ಟೋರ್ಸ್ ಅಟೆಂಡರ್ ಹೀಗೆ ಏನೋ ಒಂದು ಹುದ್ದೆ. ನಮ್ಮ ಕಾರ್ಖಾನೆಯಲ್ಲಿ ಆಟಗಾರರು ಬೆಳಗ್ಗೆ ಎಲ್ಲರಂತೆ ಕಾರ್ಡ್ ಪಂಚ್ ಮಾಡುತ್ತಿದ್ದರು. ಊಟದ ಹೊತ್ತಿಗೆ ಸ್ಪೋರ್ಟ್ಸ್ ಸೆಕ್ರೆಟರಿ ಸಹಿ ಮಾಡಿದ ಚೀಟಿ ನನ್ನ ಮೇಜಿಗೆ ಬರುತ್ತಿತ್ತು, ನಾನು ಮಸ್ಟರಿನಲ್ಲಿ ಅವರ ಹೆಸರಿನೆದುರು 'ಆನ್ ಡ್ಯೂಟಿ' ಎಂದು ಬರೆಯುತ್ತಿದ್ದೆ. ಚೆಂಡು ಒದೆಯುವುದು ಡ್ಯೂಟಿ. ಫೋರ್‌ಮನ್ನುಗಳಿಗೆ ಹೊಟ್ಟೆಯುರಿ. ಒಬ್ಬರಂತೂ ಪ್ರತಿ ಸೋಮವಾರ ಕೇಳುತ್ತಿದ್ದರು: "ಏನ್ರೀ, ನಿಮ್ಮ ಡ್ಯೂಟಿಯೋರು ಶನಿವಾರ ಎಷ್ಟು ಗೋಲು ತಿಂದರು?"

ಒಂದು ವರ್ಷ ಆಯ್ಕೆಯ ದಿನ ಒಬ್ಬ ಹುಡುಗನ ಜೊತೆ ಅವನ ತಾಯಿ ಬಂದಿದ್ದಳು. ದಂಡಿನ ಕಡೆಯವಳು, ಹೂ ಕಟ್ಟಿ ಮಾರುವವಳು ಎಂದು ಕೈ ನೋಡಿದರೆ ಗೊತ್ತಾಗುತ್ತಿತ್ತು. ಹುಡುಗ ಒಳಗೆ ಮೈದಾನದಲ್ಲಿ, ಅವಳು ನನ್ನ ಕಿಟಕಿಯ ಹತ್ತಿರ. ತಮಿಳಿನಲ್ಲಿ ಏನೋ ಕೇಳಿದಳು. ನನಗೆ ತಿಳಿಯಲಿಲ್ಲ. ಆಗ ಕನ್ನಡದಲ್ಲಿ ಕೇಳಿದಳು.

"ಸಂಬಳ ಕೊಡ್ತೀರಂತೆ ಸಾರ್. ಆಟ ನಿಂತೋದ ಮೇಲೂ ಕೊಡ್ತೀರಾ?"

ಕೊಡ್ತಾರಮ್ಮ, ರಿಟೈರಾಗೋವರೆಗೂ ಕೊಡ್ತಾರೆ, ಅಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತಳು.

ಮೂರು ವರ್ಷದ ಮೇಲೆ ಅದೇ ಹುಡುಗ ಸಂಬಳವಿಲ್ಲದ ರಜೆಯ ಫಾರಂ ಕೇಳಿಕೊಂಡು ಬಂದ. ಕಲ್ಕತ್ತೆಯಿಂದ ಜನ ಬಂದಿದ್ದರಂತೆ, ಮುಂಗಡ ತೋರಿಸಿದರಂತೆ. ಆಗಿನ ಕಲ್ಕತ್ತೆಯ ಪದ್ಧತಿ ಕೇಳಿದರೆ ಈಗ ನಗು ಬರುತ್ತದೆ. ಆಟಗಾರ ಫುಟ್‌ಬಾಲ್ ಸಂಸ್ಥೆಯ ಕಚೇರಿಗೆ ಖುದ್ದಾಗಿ ಹೋಗಿ ಸಹಿ ಮಾಡಬೇಕು. ಆ ದಿನದವರೆಗೆ ಎದುರು ಕ್ಲಬ್ಬಿನವರ ಕೈಗೆ ಸಿಗದಂತೆ ಅವನನ್ನು ಹೋಟೆಲಿನಲ್ಲೋ ಯಾರದೋ ಮನೆಯಲ್ಲೋ ಬಚ್ಚಿಡುತ್ತಿದ್ದರು. ಮದುವೆಗೆ ಮುಂಚೆ ಹೆಣ್ಣನ್ನು ಬಚ್ಚಿಟ್ಟ ಹಾಗೆ. ಹುಡುಗ ಫಾರಂ ತೆಗೆದುಕೊಂಡು ಹೋದವನು ಎರಡು ದಿನ ಬಿಟ್ಟು ಅದನ್ನು ಖಾಲಿ ವಾಪಸು ತಂದ. "ಅಮ್ಮ ಬೇಡ ಅಂತು ಸಾರ್" ಅಂದ. ಅವನು ಮೂವತ್ತನಾಲ್ಕಕ್ಕೆ ಆಟ ಬಿಟ್ಟ, ಆಮೇಲೆ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸಿಕೊಂಡು ನನ್ನ ಜೊತೆಯವನಾಗಿಯೇ ಮುದುಕನಾದ. ಕಲ್ಕತ್ತೆಗೆ ಹೋಗಿದ್ದರೆ ಏನಾಗುತ್ತಿದ್ದನೋ ಎಂದು ಅವನು ಒಮ್ಮೆಯೂ ನನ್ನ ಹತ್ತಿರ ಆಡಲಿಲ್ಲ. ನಾನು ಕೇಳಬಾರದಿತ್ತು, ಒಂದು ಸಲ ಕೇಳಿಬಿಟ್ಟೆ. ಟೀ ಆರಿಹೋಯ್ತು ನೋಡಿ ಸಾರ್, ಅಂದ.

ಕಾರ್ಖಾನೆಯ ಕೆಲಸ ಒಂದು ರೀತಿ ಚಂದ್ರಿಕೆ ಇದ್ದ ಹಾಗೆ. ಹಣ್ಣಾದ ಹುಳುವಿಗೆ ಗೂಡು ಕಟ್ಟಲು ಬಿದಿರಿನ ಸುರುಳಿ ಬೇಕು, ಅದಿಲ್ಲದಿದ್ದರೆ ಎಳೆಯನ್ನು ನೆಲದ ಮೇಲೆ ಸುಮ್ಮನೆ ಚೆಲ್ಲಿ ಸಾಯುತ್ತದೆ. ಆದರೆ ಚಂದ್ರಿಕೆಗೆ ಬಿತ್ತನೆಯ ಚಿಂತೆ ಇರುವುದಿಲ್ಲ. ಯಾವ ಕಾರ್ಖಾನೆಯೂ ಆಸ್ಟಿನ್ ಟೌನಿನ ಎಂಟು ವರ್ಷದ ಹುಡುಗನಿಗೆ ಚೆಂಡು ಕೊಟ್ಟದ್ದು ನಾನು ಕಾಣೆ. ಹದಿನೆಂಟು ತುಂಬಿ ತಯಾರಾಗಿ ಬಂದವನನ್ನು ತೆಗೆದುಕೊಂಡವು ಅಷ್ಟೆ. ಮಾಗಡಿಯ ಹುಳುವಿಗೆ ಕಾಯಿದೆ ಇತ್ತು, ಇನ್‌ಸ್ಪೆಕ್ಟರ್ ಇದ್ದ. ಗೌತಮಪುರವನ್ನು ಬಿತ್ತನೆ ಪ್ರದೇಶವೆಂದು ಯಾವ ಸರ್ಕಾರವೂ ಘೋಷಿಸಲಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ನೇಮಕಾತಿ ನಿಂತಾಗ ಮಸ್ಟರಿನಲ್ಲಿ 'ಆನ್ ಡ್ಯೂಟಿ' ಬರೆಯುವ ಕೆಲಸವೂ ನಿಂತಿತು. ಕೆಲಸವಿಲ್ಲದ ಆಟವನ್ನು ಯಾವ ತಾಯಿ ಆಡಿಸುತ್ತಾಳೆ?

ಆ ಹೊತ್ತಿಗೆ ಬೆಂಗಳೂರಿನ ಒಳ್ಳೆಯ ಹುಡುಗ ಬೆಳೆಯಲೂ ಹೊರಗೇ ಹೋಗಬೇಕಾಗಿತ್ತು. ಆಸ್ಟಿನ್ ಟೌನಿನ ಕಾರ್ಲ್‌ಟನ್ ಚಾಪ್ಮನ್ 1990ರ ಸುಮಾರಿಗೆ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಹೋದರು. 1987ರಲ್ಲಿ ಶುರುವಾದ ಅಕಾಡೆಮಿ ಅದು. ಮಕ್ಕಳನ್ನು ಇಟ್ಟುಕೊಂಡು ಊಟ, ಓದು, ಆಟ ಮೂರನ್ನೂ ಕೊಟ್ಟು ಬೆಳೆಸುವ ಕೆಲಸವನ್ನು ಈ ದೇಶದಲ್ಲಿ ಗಂಭೀರವಾಗಿ ಮಾಡಿದ ಮೊದಲಿಗರಲ್ಲಿ ಟಾಟಾದವರೂ ಒಬ್ಬರು. ಚಾಪ್ಮನ್ ಅಲ್ಲಿಂದ ಈಸ್ಟ್ ಬೆಂಗಾಲ್‌ಗೆ, 1993ರಲ್ಲಿ ಇರಾಕಿನ ಅಲ್ ಜವ್ರಾ ಮೇಲೆ ಮೂರು ಗೋಲು, ಆಮೇಲೆ ಪಂಜಾಬಿನ ಜೆಸಿಟಿ, ಮತ್ತೆ ಈಸ್ಟ್ ಬೆಂಗಾಲ್. 2020ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಐವತ್ತೂ ಆಗಿರಲಿಲ್ಲ.

ಕೊಳ್ಳುವವರನ್ನು ಬೈದು ಮುಗಿಸುವುದು ನ್ಯಾಯವಲ್ಲ. ಬೆಲ್ಜಿಯಮ್ಮಿನಲ್ಲಿ ಜಾನ್ ಮಾರ್ಕ್ ಬೊಸ್ಮನ್ ಅಂತ ಒಬ್ಬ ಆಟಗಾರ. ಒಪ್ಪಂದ ಮುಗಿದಿದ್ದರೂ ಹಳೆಯ ಕ್ಲಬ್ಬು ಹಣ ಕೇಳಿ ಹೊಸ ಕ್ಲಬ್ಬಿಗೆ ಬಿಡಲಿಲ್ಲ. ಕೋರ್ಟಿಗೆ ಹೋದ, 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದವನು ಯಾರ ಆಳೂ ಅಲ್ಲ, ಎಲ್ಲಿಗೆ ಬೇಕಾದರೂ ಹೋಗಬಹುದು. ಫ್ರೀ ಏಜೆಂಟ್ ಎಂದು ಹುಡುಗರು ಕರೆಯುವ ಮಾತಿನ ಹಿಂದೆ ಇರುವುದು ಇದು. ಯೂನಿಯನ್ ಚಂದಾ ಕಟ್ಟಿದ ಗುಮಾಸ್ತನಾಗಿ ನಾನು ಬೊಸ್ಮನ್ ಕಡೆಯವನು. ಜೀತ ಬಿಡಿಸಿದವನನ್ನು ದೂರುವುದು ಹೇಗೆ? ಆ ಎತ್ತಿನಗಾಡಿಯಲ್ಲಿ ಬಂದ ಇಬ್ಬರ ಮೇಲೂ ನನಗೆ ಸಿಟ್ಟಿಲ್ಲ. ಐವತ್ತು ಇಪ್ಪತ್ತಕ್ಕಿಂತ ಹೆಚ್ಚು.

ಇನ್ನೊಂದು ತುದಿಯ ಉದಾಹರಣೆಯೂ ಇದೆ. 1967ರಲ್ಲಿ ಲಿಸ್ಬನ್‌ನಲ್ಲಿ ಯುರೋಪಿಯನ್ ಕಪ್ ಗೆದ್ದ ಸೆಲ್ಟಿಕ್ ತಂಡದ ಹನ್ನೊಂದೂ ಜನ ಗ್ಲಾಸ್ಗೋದ ಅವರ ಮೈದಾನದಿಂದ ಮೂವತ್ತು ಮೈಲಿಯೊಳಗೆ ಹುಟ್ಟಿದವರು. ಮೂವತ್ತು ಮೈಲಿ ಎಂದರೆ ಹೆಚ್ಚುಕಡಿಮೆ ಬೆಂಗಳೂರಿನಿಂದ ರಾಮನಗರ. ರಾಮನಗರದಲ್ಲಿದ್ದುಕೊಂಡು ಕೆಲಸಕ್ಕೆ ನಾನು ಪ್ಯಾಸೆಂಜರ್ ರೈಲಿನಲ್ಲಿ ದಿನಾ ಓಡಾಡಿದ ದೂರ. ಆ ಅಳತೆಯಲ್ಲಿ ರಾಮನಗರದ, ಮಾಗಡಿಯ ಹುಡುಗನೂ ಬೆಂಗಳೂರಿನ 'ನಮ್ಮವನು' ಆಗಬೇಕಿತ್ತು. ಆಗಲಿಲ್ಲ. ದಂಡಿನ ಫುಟ್‌ಬಾಲ್ ಕೆಂಗೇರಿ ದಾಟಿ ನಮ್ಮ ಕಡೆ ಬಂದದ್ದನ್ನು ನಾನು ಕಾಣಲಿಲ್ಲ. ಶಂಶೇರಾಬಾದ್, ಕ್ಲೋಸ್‌ಪೇಟೆ, ರಾಮನಗರ ಎಂದು ಜರ್ಸಿ ಬದಲಾಯಿಸುತ್ತ ಬಂದ ಊರು ನಮ್ಮದು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಈಗಲಾದರೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೇನೋ.

ನಾನು ನಿವೃತ್ತನಾದ ವರ್ಷವೇ, 2013ರಲ್ಲಿ, ಜೆಎಸ್‌ಡಬ್ಲ್ಯು ಕಂಪನಿ ಬೆಂಗಳೂರು ಎಫ್‌ಸಿ ಕಟ್ಟಿತು. ಅದಕ್ಕೆ ವರ್ಷ ಮೊದಲು ನೌಕರರನ್ನೇ ನಂಬಿಕೊಂಡಿದ್ದ ಎಚ್‌ಎಎಲ್ ತಂಡ ಐ-ಲೀಗ್‌ನ ಕೊನೆಯ ಸ್ಥಾನಕ್ಕೆ ಬಿದ್ದು ಕೆಳಗಿಳಿದಿತ್ತು. ಸೆಪ್ಟೆಂಬರ್ 22ರಂದು ಅಶೋಕನಗರದ ಅದೇ ಹಳೆಯ ಸ್ಟೇಡಿಯಮ್ಮಿನಲ್ಲಿ ಹೊಸ ಕ್ಲಬ್ಬಿನ ಮೊದಲ ಪಂದ್ಯ, ಎದುರಿಗೆ ಮೋಹನ್ ಬಾಗಾನ್. ರಾಮನಗರದಿಂದ ರೈಲು ಹತ್ತಿ ಹೋದೆ. ನಾಯಕ ಸುನಿಲ್ ಛೆಟ್ರಿ ಸಿಕಂದರಾಬಾದಿನಲ್ಲಿ ಹುಟ್ಟಿದವರು. ರಕ್ಷಣೆಯಲ್ಲಿ ಇಂಗ್ಲೆಂಡಿನ ಜಾನ್ಸನ್, ಕೀನ್ಯಾದ ಒಸಾನೊ. ಗೋಲು ಹೊಡೆದ ರೂನಿ ಆಸ್ಟ್ರೇಲಿಯಾದವರು. ಕೇರಳ, ಮಿಜೋರಾಂ, ಮಣಿಪುರ ಎಲ್ಲ ಕಡೆಯ ಹುಡುಗರು. ಪಟ್ಟಿಯಲ್ಲಿ ಒಂದು ಹೆಸರು ನನ್ನ ಕಣ್ಣಿಗೆ ತಂಪಾಯಿತು: ಶಂಕರ್ ಸಂಪಂಗಿರಾಜ್, ಬೆಂಗಳೂರು. ಪಂದ್ಯ 1–1. ಮೊದಲ ವರ್ಷವೇ ಐ-ಲೀಗ್ ಗೆದ್ದರು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋದರು, 2019ರಲ್ಲಿ ಐಎಸ್‌ಎಲ್ ಕೂಡ ಗೆದ್ದರು.

ಎಂಬತ್ತು ವರ್ಷ ಕಲ್ಕತ್ತೆ ನಮ್ಮಿಂದ ಕೊಂಡಿತು, ಈಗ ನಾವೇ ಕೊಂಡು ಕಲ್ಕತ್ತೆಯನ್ನು ಸೋಲಿಸುತ್ತಿದ್ದೇವೆ. ಖುಷಿಯಾಗಬೇಕು. ಆಗುತ್ತದೆ ಕೂಡ. ಕಂಠೀರವ ಸ್ಟೇಡಿಯಮ್ಮಿನ ಗ್ಯಾಲರಿಯಲ್ಲಿ ಈಗ ಕನ್ನಡದಲ್ಲಿ ಕೂಗುವ ಹುಡುಗರಿದ್ದಾರೆ. 1974ರಲ್ಲಿ ನಾನೊಬ್ಬನೇ ಬಾಯಿ ಮುಚ್ಚಿಕೊಂಡು ಕೂತಿದ್ದವನು. ಕ್ಲಬ್ಬು ಆಮೇಲೆ ಮಕ್ಕಳ ತಂಡಗಳನ್ನೂ, ಅಕಾಡೆಮಿಯನ್ನೂ ಮಾಡಿತು, ಅದು ಕಾರ್ಖಾನೆಗಳು ಮಾಡದ ಕೆಲಸ. ಆದರೂ ತಂಡದ ಪಟ್ಟಿ ಗೋಡೆಗೆ ಅಂಟಿಸಿದಾಗ ನಾನು ಓದುವುದು ಅಪ್ಪನ ಕಣ್ಣಿನಿಂದ. ಗಂಡು ಎಲ್ಲೆಲ್ಲಿಂದಲೋ ಬಂದಿದೆ, ಸಂತೋಷ. ಹೆಣ್ಣು ಎಲ್ಲಿ?

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು, ಮೇಘಾಲಯದ ಮೇಲೆ 3–2. ಐವತ್ತನಾಲ್ಕು ವರ್ಷದ ಮೇಲೆ, ಮೈಸೂರು ಎಂಬ ಹೆಸರು ಕರ್ನಾಟಕವಾದ ಮೇಲೆ ಮೊದಲ ಸಲ. ಗೋಲು ಹೊಡೆದವರು ಸುನಿಲ್ ಕುಮಾರ್, ಬೆಕೆ ಓರಾಂ, ರಾಬಿನ್ ಯಾದವ್. ಹೆಸರುಗಳನ್ನು ಓದಿ ನಮ್ಮ ಬೀದಿಯ ಒಬ್ಬರು ಮೂಗೆಳೆದರು. ನಾನು ಮೈಸೂರು ತಳಿಯ ಕತೆ ಹೇಳಿದೆ, ಬಂಗಾಳದಿಂದ ಟಿಪ್ಪು ತರಿಸಿದ್ದು. ಅವರಿಗೆ ಅದು ಇಷ್ಟವಾದಂತೆ ಕಾಣಲಿಲ್ಲ.

ಹೋದ ವರ್ಷ ಅಕ್ಕನ ಊರಿನ ಹಬ್ಬಕ್ಕೆ ಹೋಗಿದ್ದೆ. ಭಾವ ಇಲ್ಲ. ಕಣವೂ ಇಲ್ಲ, ಆ ಜಾಗದಲ್ಲಿ ಶಾಲೆಯ ಮೈದಾನ. ಊರ ಮಕ್ಕಳಿಗೆ ವಾಲಿಬಾಲ್ ಕಲಿಸುತ್ತಿದ್ದವನು ಚನ್ನಪಟ್ಟಣದ ಕಡೆ ಪಿಟಿ ಮೇಷ್ಟ್ರು, ಇದೇ ಊರಿನವನು. ನನ್ನನ್ನು ಗುರುತು ಹಿಡಿದು ಹತ್ತಿರ ಬಂದ. "ಮಾವ, ನೀವು ಬೆಂಗಳೂರಿಂದ ಇಬ್ಬರನ್ನ ಕರ್ಕೊಂಡು ಬಂದಿದ್ರಲ್ಲ, ಅವತ್ತು ಅವರಿಗೆ ನೀರು ಕೊಡೋಕೆ ಚೊಂಬು ಹಿಡ್ಕೊಂಡು ನಿಂತಿದ್ದೋನು ನಾನೇ. ಎಂಟು ವರ್ಷ ನಂಗಾಗ," ಅಂದ.

ಮಕ್ಕಳು ಸಾಲಾಗಿ ಸರ್ವ್ ಅಭ್ಯಾಸ ಮಾಡುತ್ತಿದ್ದರು. ಹುಡುಗರೂ ಇದ್ದರು, ಹುಡುಗಿಯರೂ ಇದ್ದರು. ಒಬ್ಬೊಬ್ಬರೇ ಚೆಂಡು ಹಿಡಿದು ಗೆರೆಯ ಹಿಂದೆ ಬಂದು ನಿಂತು, ಬಲಗೈಯನ್ನು ಎಡತೊಡೆಗೆ ಎರಡು ಸಲ ಒರೆಸಿಕೊಂಡು, ಎಗರಿ ಹೊಡೆಯುತ್ತಿದ್ದರು.